ಹಳೆ ಮಷೀನಿನ ನಡಿಗೆ

ಹೊಸ ಕಂಪ್ಯೂಟರಿನಲ್ಲಿ ಏನೋ ಕೆಟ್ಟಿದೆ ಎಂದು ಉರುಕುಂದಪ್ಪ ಹೇಳಿದಾಗ ಸೂಗಮ್ಮ ನಂಬಿದಳು. ಆಗೆಲ್ಲ ಅವಳು ಯಾರು ಏನು ಹೇಳಿದರೂ ನಂಬುತ್ತಿದ್ದಳು. ನಂಬದಿರಲು ಒಂದಿಷ್ಟು ಹುರುಪಾದರೂ ಬೇಕಲ್ಲ.

ಅದು ಎಂಬತ್ತೆಂಟನೆಯ ಇಸವಿ. ರಾಯಚೂರಿನ ಈರಯ್ಯ ಸಾಹುಕಾರರ ಹತ್ತಿ ಮಿಲ್ಲಿನಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ದೇವದುರ್ಗದಲ್ಲಿ ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಅಳುವೂ ಬಂದಿರಲಿಲ್ಲ, ನಗುವೂ ಬಂದಿರಲಿಲ್ಲ. ಕುಡಿದ ಚಹಾ ಬಿಸಿಯಿತ್ತೋ ಆರಿತ್ತೋ ತಿಳಿಯುತ್ತಿರಲಿಲ್ಲ. ಬಾಗಲವಾಡದಲ್ಲಿ ಒಂದು ಗಂಡು ನೋಡಿದ್ದೇನೆ ಎಂದು ಅಣ್ಣ ಮೂಕಪ್ಪ ಹೇಳಿದಾಗ "ಹ್ಞೂಂ" ಅಂದಿದ್ದಳು. ಚಹಾ ಬೇಕೇನು ಎಂದವರಿಗೂ ಅದನ್ನೇ ಅನ್ನುತ್ತಿದ್ದಳು.

ಮಿಲ್ಲಿನ ಹಳೆಯ ಮಷೀನು ಮುದುಕನಂತಿತ್ತು. ದಿನದ ಹತ್ತಿ ಖರೀದಿಯ ಲೆಕ್ಕ ಕೂಡಿಸಲು ಅದಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರು ಏಳಕೂಡದು ಎಂಬುದು ಸಾಹುಕಾರರ ಕಟ್ಟಪ್ಪಣೆ. ತಕ್ಕಡಿ ತೂಗುವಾಗ ಯಾರಾದರೂ ಎದ್ದರೆ ಲೆಕ್ಕ ಮುರಿಯುತ್ತದೆಂದು ನಂಬಿದ್ದವರು, ಆ ನಂಬಿಕೆಯನ್ನು ಕಂಪ್ಯೂಟರಿಗೂ ದಾಟಿಸಿದ್ದರು.

ಹಾಗಾಗಿ ರಿಪೇರಿಗೆ ಬರುತ್ತಿದ್ದ ಮಾನ್ವಿಯ ಉರುಕುಂದಪ್ಪನೂ ಅವಳ ಪಕ್ಕದ ಸ್ಟೂಲಿನಲ್ಲಿ ಕದಲದೆ ಕೂರಬೇಕಿತ್ತು. ಅವನು ಪರದೆಯ ಅಂಕಿಗಳಿಗಿಂತ ಅದರ ಗಾಜಿನಲ್ಲಿ ಮಸುಕಾಗಿ ಕಾಣುವ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ರೆಪ್ಪೆ ಎತ್ತಿದರೆ ಅವನು ಪ್ರಿಂಟರ್ ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದುದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದಳು.

ಮುದುಕ ಸತ್ತ. ಹೊಸ ಮಷೀನು ಬಂತು. ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ, ಹಳೆಯ ಪ್ರೋಗ್ರಾಂ ಅದಕ್ಕೆ ಅರ್ಥವಾಗಲಿಲ್ಲ. ಹೊಸದೊಂದು ಬರೆಸಿರಿ ಎಂದರೆ ಸಾಹುಕಾರರು ಒಪ್ಪಲಿಲ್ಲ. ಹಳೆಯದರ ತಪ್ಪುಗಳಾದರೆ ತಮಗೆ ಪರಿಚಯವಂತೆ. ಕೊನೆಗೆ ಉರುಕುಂದಪ್ಪ ಹೈದರಾಬಾದಿನಿಂದ ಇನ್ನೊಂದು ಪ್ರೋಗ್ರಾಂ ತಂದ. ಹಳೆಯದರ ಮಾತನ್ನು ಹೊಸದಕ್ಕೆ ತಿಳಿಸಿ ಹೇಳುವ ದುಭಾಷಿ.

ಮೊದಲ ದಿನ ಸೂಗಮ್ಮ ಗ್ಲಾಸು ಎತ್ತುವ ಮುಂಚೆಯೇ ಮೊತ್ತ ಬಂದುಬಿಟ್ಟಿತು. ಉರುಕುಂದಪ್ಪನ ಮುಖ ಸಣ್ಣದಾಯಿತು. ಏನೋ ಕೆಟ್ಟಿದೆ ಎಂದ. ಕೀಬೋರ್ಡ್ ಎಳೆದುಕೊಂಡು, ಕಿವಿ ಕೆಂಪಾಗಿಸಿಕೊಂಡು ಏನೋ ಒತ್ತಿದ. ಅಲ್ಲಿಂದ ಮುಂದೆ ಹೊಸ ಮಷೀನೂ ಒಂದು ಚಹಾದಷ್ಟು ಹೊತ್ತು ತೆಗೆದುಕೊಂಡಿತು.

"ಹೊಸ ಎತ್ತು ತಂದರೂ ಹಳಿ ನಡಿಗಿ ಯಾಕೋ ತಮ್ಮಾ?" ಎಂದರು ಸಾಹುಕಾರರು.

"ಹಳಿ ಪ್ರೋಗ್ರಾಂ ಅಲ್ಲೇನ್ರೀ. ಹೊಸ ಮನ್ಯಾಗ ಒಗ್ಗಾಕ ಟೈಮ್ ಬೇಕ್ರಿ."

ಅವನು ಪೋತ್ನಾಳಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ದುಭಾಷಿ ಶುರುವಾಗುವಾಗ ಮಿಂಚಿ ಹೋಗುವ ಸಾಲನ್ನು ಸೂಗಮ್ಮ ತಡೆದು ಓದಿದಳು. ವೇಗವನ್ನು ಹಳೆಯ ಮಷೀನಿನಷ್ಟಕ್ಕೆ ಇಳಿಸಲಾಗಿತ್ತು. ಅದು ತಾನಾಗಿ ಇಳಿಯುವಂಥದ್ದಲ್ಲ, ಯಾರಾದರೂ ಇಳಿಸಬೇಕು. ಅವಳು ನಗಲಿಲ್ಲ. ಆದರೆ ಲೆಕ್ಕ ಮುಗಿದ ಮೇಲೂ ಏಳದೆ ಕೂತಿದ್ದಳು.

ಮರುದಿನ ಅವನು ಬಂದ. ಮಷೀನು ಕೂಡಿಸತೊಡಗಿತು, ಚಹಾ ಬಂತು.

"ಆ ವೇಗದ ಸಾಲು ಓದೀನ್ರಿ," ಎಂದಳು, ಪರದೆ ನೋಡುತ್ತಲೇ.

ಗಾಜಿನೊಳಗಿನ ಅವನ ಮುಖ ಕೆಳಗಾಯಿತು. ತಪ್ಪಾಯಿತೆಂದ, ಇವತ್ತೇ ತೆಗೆಯುತ್ತೇನೆಂದ.

"ತೆಗೀರಿ. ಭಾನುವಾರ ನಮ್ಮಣ್ಣ ಬಾಗಲವಾಡದೋರಿಗೆ ಮಾತು ಕೊಡಾಕ ಹೊಂಟಾನ. ನೀವು ಇಷ್ಟು ನಿಧಾನ ಆದ್ರ ಹೆಂಗ್ರಿ?"

ಅವನಿಗೆ ಅರ್ಥವಾಗಲು ಹಳೆಯ ಮಷೀನಿನಷ್ಟೇ ಹೊತ್ತು ಹಿಡಿಯಿತು.

"ಅಂದ್ರ, ನಾ ದೇವದುರ್ಗಕ್ಕ ಹೋಗಿ ನಿಮ್ಮಣ್ಣನ್ನ ಕೇಳ್ಲೇನ್ರಿ?"

"ಹ್ಞೂಂ."

ಇದನ್ನು ಅನ್ನುವಾಗ ಅವಳು ಗಾಜನ್ನು ಬಿಟ್ಟು ಅವನನ್ನೇ ನೋಡಿದಳು.

ಲೆಕ್ಕ ಇನ್ನೂ ನಡೆದಿತ್ತು. ಉರುಕುಂದಪ್ಪ ಎದ್ದೇಬಿಟ್ಟ. ಸಾಹುಕಾರರು ಏನೋ ಕೂಗುತ್ತಿದ್ದಂತೆ ಬಸ್‌ಸ್ಟ್ಯಾಂಡಿನ ಕಡೆ ನಡೆದೂ ಬಿಟ್ಟ. ಮೊತ್ತ ಸರಿಯಾಗಿಯೇ ಬಂತು.

ಸೂಗಮ್ಮ ಗ್ಲಾಸೆತ್ತಿ ಒಂದು ಗುಟುಕು ಕುಡಿದಳು. ನಾಲಿಗೆ ಸುಟ್ಟಿತು.