ಒಳಗಿನ ಸ್ಕ್ರೂ

ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ದೂರು ಟೈಪಾಗಿಯೇ ಬಂದಿತ್ತು. ತಂದವನು ಕಾವಲು ಏಜೆನ್ಸಿಯ ಮಾಲೀಕ. ಗೋದಾಮಿನ ಕಾವಲುಗಾರ ಅನುಮತಿಯಿಲ್ಲದೆ ಬಂದೂಕು ಬಿಚ್ಚಿ ಕೆಡಿಸಿದ್ದಾನೆ, ಐದು ಗಂಟೆಗೆ ಅದು ಸಿಡಿದು ಜೊತೆಯ ಕಾವಲುಗಾರ ಸತ್ತಿದ್ದಾನೆ ಎಂಬುದು ಸಾರಾಂಶ. ಹೆಣ ತಣ್ಣಗಾಗುವ ಮೊದಲೇ ಮಾಲೀಕನಿಗೆ ಕಾರಣ ಗೊತ್ತಾಗಿತ್ತು. ಬಂದೂಕನ್ನು ‘ಭದ್ರತೆಗೆಂದು’ ತನ್ನ ಕಾರಿನಲ್ಲೇ ಇಟ್ಟುಕೊಂಡು ಬಂದಿದ್ದ.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದಳು. ಗೋದಾಮಿನ ಗೇಟಿನ ಪಕ್ಕ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಕಿರಿದಾದ ಕೋಣೆ. ನೆಲದಲ್ಲಿ ರಕ್ತ, ಉರುಳಿದ ಫ್ಲಾಸ್ಕು. ಕಾವಲುಗಾರನ ಊಟದ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿತು. ಬಂದೂಕಿನ ಹೊರಗಿನ ಎರಡು ಸ್ಕ್ರೂಗಳ ತಲೆ ಇಲಿ ಕಡಿದಂತೆ ಹಾಳಾಗಿತ್ತು. ಪಂಚನಾಮೆ ಬರೆದು ಎಲ್ಲವನ್ನೂ ಜಪ್ತಿ ಮಾಡಿದರು.

“ಮೇಡಂ, ಕೇಸು ಇಷ್ಟು ಸಲೀಸಾಗಿ ಸಿಕ್ರೆ ನಂಗೆ ಹೊಟ್ಟೆ ಕೆಡುತ್ತೆ,” ಎಂದ ಹೆಡ್ ಕಾನ್‌ಸ್ಟೇಬಲ್. ದಪ್ಪ ಕನ್ನಡಕದ ಅವನನ್ನು ಠಾಣೆಯೆಲ್ಲ ಸೋಡಾಬುಡ್ಡಿ ಎನ್ನುತ್ತಿತ್ತು.

“ನಿಮ್ಮ ಹೊಟ್ಟೆ ಯಾವತ್ತು ನೆಟ್ಟಗಿತ್ತು ಹೇಳಿ.”

ಕಾವಲುಗಾರ ಠಾಣೆಯಲ್ಲಿ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತಿದ್ದ.

“ಗನ್ ಯಾಕೆ ಬಿಚ್ಚಿದೆ?”

“ಬಿಚ್ಚಿಲ್ಲ ಮೇಡಂ. ಆದ್ರೆ ಕೊಂದಿದ್ದು ನಾನೇ. ಬರ್ಕೊಳ್ಳಿ.”

“ಸರಿಯಾಗಿ ಹೇಳು.”

“ಗೋಡೆಗೆ ಒರಗಿಸ್ದೆ. ಅವ್ನು ಟೀ ಬಗ್ಗಿಸ್ತಿದ್ದ. ಮೆಲ್ಲಗೆ ಇಡ್ಬೇಕಿತ್ತು... ಜೋರಾಗಿ ಇಟ್ಟೆ ಅನ್ಸುತ್ತೆ.”

“ಸ್ಕ್ರೂಡ್ರೈವರ್ ನಿಂದಾ?”

“ಅಲ್ಲ. ನನ್ನ ಚೀಲದಲ್ಲೇ ಸಿಕ್ತಲ್ಲ, ಇನ್ನೇನು ಹೇಳ್ಲಿ?”

ಇಂಥ ತಪ್ಪೊಪ್ಪಿಗೆಗಾಗಿ ಇನ್‌ಸ್ಪೆಕ್ಟರ್ ತಿಂಗಳುಗಟ್ಟಲೆ ಅಲೆದದ್ದುಂಟು. ಇಂದು ಕೂತಲ್ಲಿಗೇ ಬಂದಿತ್ತು. ಒಂದು ಕ್ಷಣ ಹಗುರವೆನಿಸಿತು, ಮರುಕ್ಷಣವೇ ಆ ಹಗುರಕ್ಕೆ ಅವಳಿಗೆ ನಾಚಿಕೆಯಾಯಿತು. ಎಫ್‌ಐಆರ್‌ನಲ್ಲಿ ಬಿಚ್ಚಿಲ್ಲ ಎನ್ನುವವನ ಹೆಸರಿನ ಮುಂದೆ ಬಿಚ್ಚಿದವನೆಂದು ಬರೆದು ಸಹಿ ಹಾಕಿದ್ದು ತನ್ನದೇ ಕೈ. ಹೀಗೇ ಬಿಟ್ಟರೆ ಅವನು ಜೈಲಿಗೆ ಹೋಗುವುದು ಖಂಡಿತ, ತಡೆಯಲು ಅವನೂ ಬೆರಳೆತ್ತುವವನಲ್ಲ.

ಮರುದಿನ ಪಂಚರನ್ನು ಕರೆದುಕೊಂಡು, ತಜ್ಞರ ಅಭಿಪ್ರಾಯಕ್ಕೆಂದು ಬಂದೂಕನ್ನು ಊರಿನ ಏಕೈಕ ಪರವಾನಗಿ ಇದ್ದ ಬಂದೂಕು ಮೇಸ್ತ್ರಿಯ ಅಂಗಡಿಗೆ ಒಯ್ದಳು. ಎಣ್ಣೆ ವಾಸನೆಯ ಉದ್ದನೆಯ ಮೇಜು. ಗೋಡೆಯ ಹಲಗೆಯ ತೂತುಗಳಲ್ಲಿ ಸ್ಕ್ರೂಡ್ರೈವರುಗಳು ಸಾಲಾಗಿ ನಿಂತಿದ್ದವು.

“ಈ ಗನ್ ಮೊದ್ಲು ನೋಡಿದ್ದೀರಾ?”

“ಇಲ್ಲಮ್ಮ,” ಎಂದ ಮೇಸ್ತ್ರಿ. ಸ್ಕ್ರೂ ತಲೆಗಳ ಮೇಲೆ ಬೆರಳಾಡಿಸಿದ. “ಅಡ್ಡಕಸುಬಿ ಕೆಲಸ ಇದು. ಮನೆ ಸ್ಕ್ರೂಡ್ರೈವರ್ ಬೆಣೆ ಥರ ಇರುತ್ತೆ ನೋಡಿ, ಸೀಳಿನ ತಳ ಮುಟ್ಟಲ್ಲ, ಮೇಲಂಚಲ್ಲೇ ಕೂರುತ್ತೆ. ತಿರುವಿದ್ರೆ ಜಾರಿ ಅಂಚೇ ಕಿತ್ಕೊಂಡು ಬರುತ್ತೆ. ನಮ್ದು ತುದಿವರೆಗೂ ಒಂದೇ ದಪ್ಪ. ಅಗಲ ಸ್ಕ್ರೂ ತಲೆಯಷ್ಟು, ದಪ್ಪ ಸೀಳಿನಷ್ಟು. ಕೂರಿಸಿದ್ರೆ ಅಲ್ಲಾಡಬಾರದು.”

“ಬಿಚ್ಚಿ ತೋರ್ಸಿ.”

ಹೊರಗಿನ ಸ್ಕ್ರೂಗಳು ಅವನನ್ನು ಸತಾಯಿಸಿದವು. ಒಂದು ಹಚ್ಚಿದ, ಜಾರಿತು. ಇನ್ನೊಂದು ತೆಗೆದ, ಸಡಿಲವಾಯಿತು. ನಾಲ್ಕೈದು ಬದಲಿಸಿದ ಮೇಲೆ ಎರಡೂ ಕಳಚಿದವು. ಬದಿಯ ತಗಡು ತೆಗೆದಾಗ ಒಳಗೆ, ಗುಂಡಿಗೆ ಬಡಿಯುವ ಕುದುರೆಯನ್ನು ತಡೆಹಿಡಿಯುವ ಕೊಂಡಿಯೂ ಅದನ್ನು ಬಿಗಿದಿದ್ದ ಇನ್ನೊಂದು ಚಿಕ್ಕ ಸ್ಕ್ರೂವೂ ಕಂಡವು. ಮೇಸ್ತ್ರಿಯ ಕಣ್ಣು ಬಂದೂಕಿನ ಮೇಲೇ ಇತ್ತು. ಕೈ ಮಾತ್ರ ಹಿಂದಕ್ಕೆ ಚಾಚಿ, ಹಲಗೆಯ ಕೊನೆಯ ತೂತಿನಿಂದ ತೆಳ್ಳನೆಯದೊಂದನ್ನು ಎಳೆದು ತಂದಿತು. ಅದು ಸೀಳಿಗಿಳಿದು ಗಟ್ಟಿಯಾಗಿ ಕೂತಿತು.

ಸೋಡಾಬುಡ್ಡಿ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದು ಸುಮ್ಮನಾಗಿಸಿದಳು. ಒಳಗಿನ ಸ್ಕ್ರೂ ಮೇಲೆ ಒಂದು ಗೀರೂ ಇರಲಿಲ್ಲ.

ಜಪ್ತಿ ಮಾಡಿದ್ದ ಸ್ಕ್ರೂಡ್ರೈವರಿನ ಸೀಲು ಪಂಚರೆದುರು ಒಡೆದು ಅವನ ಮುಂದಿಟ್ಟಳು. “ಇದ್ರಲ್ಲಿ ಈ ಒಳಗಿನದು ಬಿಚ್ಚೋಕಾಗುತ್ತಾ?”

“...ಸೀಳೊಳಗೆ ಹೋಗೋದೇ ಇಲ್ಲ.”

“ಇದನ್ನ ಬಿಚ್ಚದೆ ಒಳಗಿನ ಕೊಂಡಿ ಕೆಡ್ಸೋಕಾಗುತ್ತಾ?”

“ಆಗಲ್ಲ.”

“ಅಂದ್ರೆ ಕಾವಲುಗಾರ ಒಳಗೆ ಕೈ ಹಾಕೇ ಇಲ್ಲ. ಇನ್ನೊಂದು ಕೇಳ್ತೀನಿ. ಹೊರಗಿನವಕ್ಕೆ ನಾಲ್ಕೈದು ಹಚ್ಚಿ ನೋಡಿದ್ರಿ. ಇದಕ್ಕೆ ಯಾಕೆ ನೋಡ್ಲಿಲ್ಲ?”

ಮೇಸ್ತ್ರಿ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ.

“ಇಷ್ಟು ಸಣ್ಣ ಸೀಳು ಬೇರೆ ಗನ್ನಲ್ಲಿ ಬರಲ್ಲಮ್ಮ. ಇದಕ್ಕೇ ಅಂತ ಸಾಣೆ ಹಿಡಿದಿದ್ದೆ. ಹೊರಗಿನವಕ್ಕೂ ಇತ್ತು. ತಲೆ ಕೆಡಿಸಿದ ಮೇಲೆ ಅವು ಕೂರಲಿಲ್ಲ.”

“ಕೆಡ್ಸಿದ್ಯಾರು?”

“ನಾನೇ.”

ಹೇಳಿಕೆ ಅಲ್ಲೇ ದಾಖಲಾಯಿತು. ಹಿಂದಿನ ತಿಂಗಳು ಬಂದೂಕು ರಿಪೇರಿಗೆ ಬಂದಿತ್ತು. ಕುದುರೆಯನ್ನು ತಡೆಹಿಡಿಯುವ ಕೊಂಡಿ ಸವೆದಿದೆ, ತಟ್ಟಿದರೆ ಸಿಡಿಯುತ್ತದೆ, ಬದಲಿಸಬೇಕು ಎಂದಿದ್ದ ಮೇಸ್ತ್ರಿ. ತೋರಿಕೆಯ ಬಂದೂಕಿಗೆ ಇಷ್ಟೆಲ್ಲ ಯಾಕೆ ಎಂದಿದ್ದ ಮಾಲೀಕ. ಮೇಸ್ತ್ರಿ ಹಾಗೆಯೇ ಜೋಡಿಸಿ, ಸರಿಯಿದೆ ಎಂದು ಚೀಟಿ ಕಟ್ಟಿಕೊಟ್ಟ. ಸಾವಾದ ಬೆಳಿಗ್ಗೆ ಮಾಲೀಕ ಕಾರಿನಲ್ಲಿ ಬಂದೂಕು ತಂದು ಬಾಗಿಲು ಬಡಿದಿದ್ದ; ಕಾವಲುಗಾರನೇ ಬಿಚ್ಚಿದಂತೆ ಕಾಣಲಿ ಎಂದು ಮನೆ ಸ್ಕ್ರೂಡ್ರೈವರಿನಿಂದ ಸ್ಕ್ರೂ ತಲೆ ಕೆಡಿಸಲು ಹೇಳಿದ್ದ. ಆ ಸ್ಕ್ರೂಡ್ರೈವರನ್ನು ಕಾವಲುಗಾರನ ಚೀಲಕ್ಕೆ ಸೇರಿಸಿದ್ದು ಮಾಲೀಕನೇ.

“ಒಳಗಿನದೂ ಕೆಡಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ,” ಎಂದ ಸೋಡಾಬುಡ್ಡಿ.

“ಕೈ ಬರಲಿಲ್ಲಪ್ಪ. ಹೊರಗಿನೆರಡು ಹಾಳು ಮಾಡೋವಾಗ್ಲೇ ಕಣ್ಣು ಮುಚ್ಕೊಂಡಿದ್ದೆ.”

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದಳು. “ಸ್ಕ್ರೂ ಕೆಡಿಸೋಕೆ ಕೈ ಬರ್ಲಿಲ್ಲ. ಮನುಷ್ಯನ್ನ ಕೆಡಿಸೋಕೆ ಬಂತಾ?”

ಮಾಲೀಕನನ್ನು ಅವನ ಕಚೇರಿಯಲ್ಲೇ ಹಿಡಿದರು. “ಗನ್ ಬರೀ ತೋರ್ಸೋಕೆ ಮೇಡಂ. ಈ ಜನಕ್ಕೆ ಯಾರು ನಿಜವಾದ ಗನ್ ಕೊಡ್ತಾರೆ?” ಎಂದ.

“ಗುಂಡು ಮಾತ್ರ ನಿಜವಾದದ್ದೇ ಕೊಟ್ಟಿದ್ರಲ್ಲ. ನಡೀರಿ.”

ಸಂಜೆ ಕಾವಲುಗಾರನಿಂದ ಬಾಂಡ್ ಬರೆಸಿಕೊಂಡು ಹೊರಬಿಟ್ಟಳು. ತಪ್ಪು ನಿನ್ನದಲ್ಲ, ಆತುರದಲ್ಲಿ ನಿನ್ನ ಹೆಸರು ಬರೆದವಳು ನಾನು ಎಂದಳು. ಅವನು ತಲೆಯಾಡಿಸಿದ. “ಇಟ್ಟಿದ್ದು ನಾನೇ ತಾನೇ ಮೇಡಂ,” ಎಂದ.

ಮೇಸ್ತ್ರಿಗೆ ದುಡ್ಡಿನ ಆಸೆ ಇರಲಿಲ್ಲ. ಮಾಲೀಕನ ಹೆದರಿಕೆಯೂ ಅಷ್ಟೇನಿರಲಿಲ್ಲ. ತಾನು ಚೀಟಿ ಕಟ್ಟಿದ ಬಂದೂಕು ಒಬ್ಬನನ್ನು ಕೊಂದಿತು ಎಂಬುದನ್ನು ಹೊತ್ತುಕೊಳ್ಳಲಾಗದೆ ಹೊರುವ ಇನ್ನೊಂದು ಹೆಗಲು ಹುಡುಕಿದ್ದ, ಅಷ್ಟೇ. “ಆ ಕಾವಲುಗಾರನ ಮುಖ ನೋಡಿರಲಿಲ್ಲ,” ಎಂದಿದ್ದ ಹೇಳಿಕೆಯ ಕೊನೆಯಲ್ಲಿ.

ಲಾಕಪ್ಪಿನ ಮುಂದೆ, ಒಳಬರುತ್ತಿದ್ದ ಮೇಸ್ತ್ರಿಗೆ ಹೊರಹೋಗುತ್ತಿದ್ದ ಕಾವಲುಗಾರ ಎದುರಾದ. ಬಂದವರು ಯಾರೆಂದು ಕಾವಲುಗಾರನಿಗೆ ಗೊತ್ತಿರಲಿಲ್ಲ. ವಯಸ್ಸಾದವರು ಕಂಡರೆಂದು ಪಕ್ಕಕ್ಕೆ ಸರಿದು, ಕಬ್ಬಿಣದ ಬಾಗಿಲನ್ನು ತೆರೆದು ಹಿಡಿದು ನಿಂತ.

“ಬನ್ನಿ ಯಜಮಾನ್ರೇ. ತಲೆ ಜೋಪಾನ, ಬಾಗಿಲು ಗಿಡ್ಡ ಇದೆ,” ಎಂದ.

ಮೇಸ್ತ್ರಿ ಆಗ ಅವನ ಮುಖ ನೋಡಿದ.