ಬ್ರಷ್ ತೊಳೆದಾಗುವವರೆಗೆ

"ಅದು ಬೇಡ. ನಾನು ನನ್ನದೇ ತಂದಿದೀನಿ," ಎಂದು ಮಲ್ಲಿಕಾಂಬ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಬ್ರಷ್ ಹಿಡಿದಿದ್ದ ಕರಿಸಿದ್ದಪ್ಪನ ಕೈ ಅಲ್ಲೇ ನಿಂತಿತು. ಅಜ್ಜಂಪುರದಿಂದ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಸುತ್ತಮುತ್ತಲ ಊರುಗಳ ನಾಟಕಕ್ಕೆಲ್ಲ ಮೇಕಪ್ಪಿಗೆ ಹೋಗುವವನು ಅವನು. ದುರ್ಯೋಧನನ ಪಾರ್ಟಿನ ಗೌಡರು ಕೂಡ ಅವನೆದುರು ಗಲ್ಲ ಎತ್ತಿ, ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು. ಈಗ ನೋಡಿದರೆ ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಹುಡುಗಿ, ನೌಕರರ ಸಂಘದ ರಾಜ್ಯೋತ್ಸವದ ನಾಟಕದಲ್ಲಿ ಒಂದು ಸಣ್ಣ ಪಾರ್ಟು ಹಾಕಿದವಳು, ಬೇಡ ಅನ್ನುತ್ತಿದ್ದಾಳೆ. ಇದು ಎಂಬತ್ಮೂರನೇ ಇಸವಿಯ ಮಾತು.

ಅವಳು ಬಿಸ್ಕತ್ತಿನ ಡಬ್ಬವೊಂದನ್ನು ತೊಡೆಯ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಬರೀ ಲಿಪ್‌ಸ್ಟಿಕ್ಕು. ಶಿವಮೊಗ್ಗದಲ್ಲಿ ಕೊಂಡದ್ದು, ದಾವಣಗೆರೆಯಲ್ಲಿ ಕೊಂಡದ್ದು, ಟ್ರೈನಿಂಗಿಗೆಂದು ಬೆಂಗಳೂರಿಗೆ ಹೋದಾಗ ತಂದದ್ದು.

"ಇಷ್ಟೊಂದಾ?"

"ಎಣಿಸ್ಬೇಡಿ. ದೃಷ್ಟಿ ಆಗುತ್ತೆ."

"ಒಂದೂ ಸವೆದಿಲ್ಲ."

"ಹಚ್ಚಿದ್ರೆ ತಾನೆ ಸವೆಯೋದು. ಲಿಪ್‌ಸ್ಟಿಕ್ ಹಚ್ಕೊಂಡು ಬೀದೀಲಿ ಹೋದ್ರೆ ನಮ್ಮಣ್ಣ ಮನೆ ಒಳಗೆ ಸೇರಿಸ್ತಾನಾ?"

"ಮತ್ಯಾಕೆ ತಗೊಳೋದು?"

ಮಲ್ಲಿಕಾಂಬ ಡಬ್ಬದ ಕಡೆಗೇ ನೋಡುತ್ತ ಹೇಳಿದಳು. "ಒಂದು ಬಣ್ಣ ಹುಡುಕ್ತಿದೀನಿ. ಅಂಗಡೀಲಿ ನೋಡ್ದಾಗ ಇದೇ ಅನ್ಸುತ್ತೆ. ಮನೇಲಿ ಕದ ಹಾಕ್ಕೊಂಡು ಬೆರಳಲ್ಲಿ ಒಂಚೂರು ತೀಡ್ಕೊಂಡ್ರೆ ಇದಲ್ಲ ಅನ್ಸುತ್ತೆ. ಆಮೇಲೆ ಇನ್ನೊಂದು ತಗೊಳೋದು."

ಕರಿಸಿದ್ದಪ್ಪ ಒಂದನ್ನು ಎತ್ತಿ ತಿರುವಿ ನೋಡಿದ. ಕಡ್ಡಿಯ ಮೈಮೇಲೆ ಎಣ್ಣೆಯ ಹನಿಗಳು ಕೂತಿದ್ದವು. "ಇದು ಬೆವರಿದೆ. ಡಬ್ಬ ಬೀರು ಮೇಲಿಟ್ಟಿದೀರ. ಹೆಂಚಿನ ಕಾವು ಹೊಡೆದಿದೆ."

"ಬೀರು ಮೇಲೆ ಅಂತ ನಿಮಗೆ ಹೇಗೆ ಗೊತ್ತು?"

"ಹೆಂಗಸ್ರು ಬಚ್ಚಿಡೋದೆಲ್ಲ ಅಲ್ಲೇ ಅಲ್ವಾ."

ಅವಳು ನಕ್ಕಳು. ನಗುವ ತುಟಿಗೆ ಬಣ್ಣ ಹಚ್ಚುವುದು ಯಾರಿಂದಲೂ ಆಗದ ಕೆಲಸ. ನಗಬೇಡಿ ಮೇಡಂ ಅಂದ. ಇನ್ನೂ ಜಾಸ್ತಿ ನಕ್ಕಳು. ಕೊನೆಗೆ ಅವಳದೇ ಲಿಪ್‌ಸ್ಟಿಕ್ಕಿನಿಂದ ಬೆಂಕಿಕಡ್ಡಿಯಲ್ಲಿ ಚೂರು ಕೆರೆದು ತಟ್ಟೆಗೆ ಹಾಕಿ, ಅಲ್ಲಿಂದ ಬ್ರಷ್ಷಿನಲ್ಲಿ ತೆಗೆದು ಹಚ್ಚಿದ.

"ನೇರ ಹಚ್ಚಿದ್ರೆ ಏನಾಗುತ್ತೆ?"

"ಬಾಯಿಗೆ ಮುಟ್ಟಿಸಿದ್ರೆ ಎಂಜಲಾಯ್ತು. ನನ್ನ ಪೆಟ್ಟಿಗೇಲಿ ಎಂಜಲು ಅನ್ನೋದೇ ಇಲ್ಲ. ಒಬ್ಬೊಬ್ರಿಗೆ ಒಂದೊಂದು ಬ್ರಷ್ಷು."

ಈ ಮಾತನ್ನು ಅವನು ಜಂಬಕ್ಕೆ ಹೇಳಿದ್ದಲ್ಲ. ಅವನಪ್ಪ ಊರವರಿಗೆ ಕ್ಷೌರ ಮಾಡುತ್ತಿದ್ದವನು. ಹಬ್ಬದ ಮಾರನೇ ದಿನ ದೊಡ್ಡವರ ಮನೆಯಲ್ಲಿ ಮಿಕ್ಕ ಅನ್ನವನ್ನು ಹಿತ್ತಲ ಬಾಗಿಲಲ್ಲಿ ಇಸಿದುಕೊಂಡು ಬರುತ್ತಿದ್ದ. ಅದನ್ನು ಉಂಡು ಬೆಳೆದ ಮಗ ಎಂಜಲು ಅನ್ನುವುದನ್ನು ತನ್ನ ಪೆಟ್ಟಿಗೆಯ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಬಣ್ಣ ಹಚ್ಚಿ ಮುಗಿಸಿ, ಹಿಂದೆ ಸರಿದು ಅವಳನ್ನು ನೋಡಿದ. "ಇದೂ ನಿಮ್ಮದಲ್ಲ. ನಿಮ್ಮ ಮೈಬಣ್ಣಕ್ಕೆ ಹೊಸ ಹುಣಸೆಹಣ್ಣಿನ ಕೆಂಪು ಬೇಕು. ಅಂಗಡೀಲಿ ಸಿಗಲ್ಲ."

"ಮತ್ತೆಲ್ಲಿ ಸಿಗುತ್ತೆ?"

"ನೋಡೋಣ," ಅಂದ. ಅವಳು ಅವನನ್ನು ನೋಡಿದ ರೀತಿಗೆ ತಾನು ಏನು ಹೇಳಿದೆ ಅನ್ನುವುದೇ ಅವನಿಗೆ ಮರೆತುಹೋಯಿತು.

ಆಮೇಲೆ ಅಜ್ಜಂಪುರದ ಪೋಸ್ಟಾಫೀಸಿನಿಂದ ಕಡೂರಿಗೆ ಫೋನು ಹೋಗತೊಡಗಿತು.

"ಎಕ್ಸ್‌ಚೇಂಜ್. ಯಾವ ನಂಬರ್ ಬೇಕು?"

"ನಂಬರ್ ಏನೂ ಬೇಡ. ಬಿಸಿಲು ಜಾಸ್ತಿ ಆಗಿದೆ ಅಂತ ಹೇಳೋಣ ಅಂತ."

"ಕಡೂರಲ್ಲೂ ಬಿಸಿಲಿದೆ ಕಣ್ರೀ."

"ಅದಕ್ಕೇ. ಡಬ್ಬ ಮಣ್ಣಿನ ಮಡಕೇಲಿಡಿ. ಅಡೀಲಿ ಒದ್ದೆ ಮರಳು ಹಾಕಿ."

"ಇಷ್ಟು ಹೇಳೋಕೆ ಟ್ರಂಕ್ ಕಾಲಾ?"

"ಹೂಂ."

"ಇನ್ನೇನಾದ್ರೂ ಇದ್ಯಾ?"

ಇತ್ತು. ಪುಣ್ಯಾತ್ಮ ಹೇಳುತ್ತಿರಲಿಲ್ಲ. ಸಿಂಗಟಗೆರೆಯಲ್ಲೋ ಚೌಳಹಿರಿಯೂರಿನಲ್ಲೋ ನಾಟಕವಿದ್ದರೆ ಕಡೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಆಗ ಅವಳು ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದಳು. ಜನ ನೋಡುತ್ತಾರೆಂದು ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತು, ಎದುರಿಗಿದ್ದ ಬಸ್ಸಿನ ಬೋರ್ಡು ನೋಡುತ್ತ ಮಾತಾಡುತ್ತಿದ್ದರು.

"ನೀವು ಕೊಟ್ಟ ಬ್ರಷ್ಷಿನ ಕೂದಲು ಉದುರ್ತಿದೆ."

"ತೊಳೆದು ನಿಲ್ಲಿಸಿಟ್ಟಿದೀರ. ನೀರು ಹಿಡಿಗಿಳಿಯುತ್ತೆ. ಮಲಗಿಸಿ ಒಣಗಿಸ್ಬೇಕು."

"ಮಗೂನೂ ಇಷ್ಟು ಜೋಪಾನವಾಗಿ ಯಾರೂ ಮಲಗಿಸಲ್ಲ."

"ಮಗು ಎದ್ದು ಅಳುತ್ತೆ. ಬ್ರಷ್ಷು ಅಳಲ್ಲ ನೋಡಿ, ನಾವೇ ತಿಳ್ಕೋಬೇಕು."

ಅವಳು ಬಸ್ಸಿನ ಬೋರ್ಡು ಬಿಟ್ಟು ಅವನ ಕಡೆ ತಿರುಗಿದಳು. ಅಷ್ಟು ತಿಳಿದುಕೊಳ್ಳುವವನು ತನ್ನನ್ನು ಯಾವಾಗ ತಿಳಿದುಕೊಳ್ಳುತ್ತಾನೋ ಎಂದು ಅವಳಿಗೆ ನಗುವೂ ಬಂತು, ಕೋಪವೂ ಬಂತು.

ಬೇಸಿಗೆ ಏರಿದಾಗ ಅವಳು ಡಬ್ಬವನ್ನೇ ತಂದು ಅವನ ಕೈಗಿಟ್ಟಳು. "ನೀವೇ ಇಟ್ಕೊಳ್ಳಿ. ನನ್ನ ಕೈಲಿ ಇವು ಕರಗಿಹೋಗ್ತವೆ." ಆ ಡಬ್ಬವನ್ನು ಅಣ್ಣನಿಗಿರಲಿ, ಹೆತ್ತ ತಾಯಿಗೂ ತೋರಿಸಿದವಳಲ್ಲ ಅವಳು. ಕರಿಸಿದ್ದಪ್ಪನಿಗೆ ಅದು ಗೊತ್ತಿತ್ತು. ಊರು ತಲುಪುವವರೆಗೂ ರೈಲಿನಲ್ಲಿ ಡಬ್ಬವನ್ನು ಮಡಿಲಲ್ಲೇ ಇಟ್ಟುಕೊಂಡು ಹೋದ.

ಏಪ್ರಿಲ್ಲಿನಲ್ಲಿ ತರೀಕೆರೆಯಲ್ಲೊಂದು ನಾಟಕ. ಮಲ್ಲಿಕಾಂಬ ಅಲ್ಲೇ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಅವಳಿಗೆ ಗಂಡು ಗೊತ್ತುಮಾಡುವ ಮಾತು ಶುರುವಾಗಿತ್ತು. ಅದನ್ನು ಅವನಿಗೆ ಹೇಳಿಬಿಡಬೇಕೆಂದು ಮಧ್ಯಾಹ್ನವೇ ಸ್ಟೇಜಿನ ಹಿಂದಿನ ಬಣ್ಣದ ಕೋಣೆಗೆ ಹೋದಳು.

ಅವನು ಸ್ಟೌವಿನ ಮುಂದೆ ಕೂತಿದ್ದ. ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಬಟ್ಟಲಿಟ್ಟು ಏನನ್ನೋ ಕರಗಿಸುತ್ತಿದ್ದ. ಪಕ್ಕದಲ್ಲಿ ನಾಟಕದ ಹಳೇ ನಟಿ ಕಾಶಮ್ಮನ ಮೇಕಪ್ ಪೆಟ್ಟಿಗೆ ತೆರೆದುಬಿದ್ದಿತ್ತು. ಅದರ ತುಂಬ ಬಾಯಿಗೆ ಉಜ್ಜಿ ಉಜ್ಜಿ ಸವೆದ ಲಿಪ್‌ಸ್ಟಿಕ್ಕಿನ ಮೋಟುಗಳು.

"ಏನು ಮಾಡ್ತಿದೀರ?"

ಕರಿಸಿದ್ದಪ್ಪನ ಮುಖ ಅರಳಿತು. "ನಿಮಗೇ ಮಾಡ್ತಿರೋದು. ಚೂರುಪಾರು ಎಲ್ಲ ಸೇರಿಸಿ."

ಅವಳ ಕಣ್ಣು ಬಟ್ಟಲಿನಿಂದ ಕಾಶಮ್ಮನ ಪೆಟ್ಟಿಗೆಗೆ ಹೋಯಿತು. ಮಾತು ಯೋಚನೆಗಿಂತ ಮೊದಲೇ ಬಂದುಬಿಟ್ಟಿತು. "ಕಂಡೋರ ಬಾಯೆಂಜಲು ಕರಗಿಸಿ ನನ್ನ ಬಾಯಿಗಾ?"

ಮೀಸೆ ಅಂಟಿಸಿಕೊಳ್ಳುತ್ತಿದ್ದವರೊಬ್ಬರು ನಕ್ಕರು. ಕರಿಸಿದ್ದಪ್ಪ ಸ್ಟೌ ಆರಿಸಿದ. ಅವಳಿಗೆ ಬೆನ್ನು ಹಾಕಿ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದ. ಅವಳು ಹೇಳಲು ಬಂದದ್ದನ್ನು ಹೇಳದೆಯೇ ಹೊರಟುಹೋದಳು.

"ಆ ಚೂರುಗಳೆಲ್ಲ ಅವಳ ಡಬ್ಬದವೇ ಅಂತ ಒಂದ್ಮಾತು ಹೇಳೋಕೆ ನಿಂಗೇನಾಗಿತ್ತಪ್ಪಾ?" ಎಂದು ಕಾಶಮ್ಮ ಬೈದಳು.

"ಕೇಳಿದ್ರೆ ಹೇಳ್ತಿದ್ದೆ."

"ಕೇಳಲಿಲ್ಲ, ಅದಕ್ಕೆ ಬಾಯಿಗೆ ಬೀಗ ಹಾಕ್ಕೊಂಡ್ಯಾ? ಒಳ್ಳೆ ಗಂಡಸು."

ಅವನಿಗೆ ನೋವಾಗಿತ್ತು. ಬೇರೆ ಯಾರು ಅಂದಿದ್ದರೂ ತಡೆದುಕೊಳ್ಳುತ್ತಿದ್ದ. ತನ್ನ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದವಳೇ ಅಂದಳಲ್ಲ, ಅದನ್ನು ನುಂಗಿಕೊಳ್ಳಲು ಆಗಲಿಲ್ಲ. ಆದರೂ ಊರಿಗೆ ಹೋದ ಮೇಲೆ ಬಟ್ಟಲನ್ನು ಮತ್ತೆ ಬಿಸಿಗಿಟ್ಟ. ಜೇನುಮೇಣ ಹಾಕಿ, ಹರಳೆಣ್ಣೆ ಹಾಕಿ, ಬಣ್ಣ ಒಪ್ಪುವವರೆಗೆ ಕದಡಿದ. ಕೋಪ ಮಾತಿನ ಮೇಲಿತ್ತು, ಹುಡುಗಿಯ ಮೇಲಿರಲಿಲ್ಲ. ಅದನ್ನೂ ಅವನು ಯಾರಿಗೂ ಹೇಳಲಿಲ್ಲ.

ಮುಂದಿನ ಬುಧವಾರ ಮಲ್ಲಿಕಾಂಬ ಬೀರೂರಿನಲ್ಲಿ ರೈಲು ಬದಲಾಯಿಸಿಕೊಂಡು ಅಜ್ಜಂಪುರಕ್ಕೆ ಬಂದಳು. ಸ್ಟೇಷನ್ನಿನ ಹಿಂದೆಯೇ ಅವನ ಮನೆ. ಬನಿಯನ್ನು ತೊಟ್ಟು, ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಕೂತು ಹಿಂದಿನ ದಿನದ ನಾಟಕದ ಬ್ರಷ್ಷುಗಳನ್ನು ತೊಳೆಯುತ್ತಿದ್ದ. ಕೈ ಮೊಣಕೈವರೆಗೂ ಅಂಟುವಾಳದ ನೊರೆ.

"ಕಾಶಮ್ಮ ಹೇಳಿದ್ರು," ಅಂದಳು. "ನಂದೇ ತಪ್ಪು. ಅನ್ನಬಾರದ ಮಾತಂದೆ."

"ಕೂತ್ಕೊಳ್ಳಿ."

ಅವಳು ಕಲ್ಲಿನ ಅಂಚಿಗೆ ಕೂತಳು. "ತರೀಕೆರೆ ರೈಸ್‌ಮಿಲ್ಲಿನೋರು ನನ್ನ ನೋಡೋಕೆ ಬರೋರಿದಾರೆ. ಅಣ್ಣ ನನ್ನ ಒಪ್ಪಿಗೆಗೆ ಕಾಯ್ತಿದಾನೆ. ನೀವು ಶನಿವಾರ ಬಂದು ಅಣ್ಣನ್ನ ಕೇಳ್ತೀರಾ ಅಂತಾದ್ರೆ, ಅವರು ಬೇಡ ಅಂತ ಇವತ್ತೇ ಹೇಳ್ತೀನಿ. ಅಣ್ಣ ಕೂಗಾಡ್ತಾನೆ. ಕೂಗಾಡ್ಲಿ. ನೀವು ಬರ್ತೀರಾ, ಅಷ್ಟು ಹೇಳಿ."

ಕರಿಸಿದ್ದಪ್ಪನ ಎದೆಯಲ್ಲಿದ್ದ ನೋವೆಲ್ಲ ಆ ಕ್ಷಣವೇ ಹೋಯಿತು. ಬರ್ತೀನಿ ಅನ್ನುವ ಮಾತು ಬಾಯಿಯವರೆಗೆ ಬಂದೂ ಇತ್ತು. ಆದರೆ ಹೀಗೆ, ನೊರೆ ಕೈಯಲ್ಲಿ, ಬನಿಯನ್ನಿನಲ್ಲಿ, ತಲೆ ಬಗ್ಗಿಸಿ ಹೇಳುವ ಮಾತೇ ಅದು? ಬ್ರಷ್ಷು ಮುಗಿಸಿ, ಕೈ ಒರೆಸಿಕೊಂಡು, ಅಂಗಿ ಹಾಕಿಕೊಂಡು, ಮಾಡಿಟ್ಟ ಲಿಪ್‌ಸ್ಟಿಕ್ಕನ್ನು ಒಳಗಿನಿಂದ ತಂದು, ಅವಳ ಮುಖ ನೋಡುತ್ತ ಹೇಳಬೇಕು ಅಂದುಕೊಂಡ. ನೊರೆಯಲ್ಲಿ ಬಿಟ್ಟರೆ ಕೂದಲು ಹಾಳಾಗುತ್ತದೆ. ಅರ್ಧಕ್ಕೆ ಎದ್ದ ಅಭ್ಯಾಸ ಅವನಿಗಿರಲಿಲ್ಲ.

ಸರಸರ ತೊಳೆಯತೊಡಗಿದ. ಬೆಚ್ಚಗಿನ ನೀರಿಗೆ ಅದ್ದಿದ, ಬೆರಳಲ್ಲಿ ತುದಿ ತಿದ್ದಿದ, ಬಟ್ಟೆಯ ಮೇಲೆ ಮಲಗಿಸಿದ. ಇನ್ನೊಂದನ್ನು ಎತ್ತಿಕೊಂಡ. ಅವನ ಮುಖದ ತುಂಬ ನಗು ಇತ್ತು. ಅವಳು ನೋಡುತ್ತಿದ್ದದ್ದು ಬಗ್ಗಿದ ಅವನ ತಲೆಯನ್ನು ಮಾತ್ರ.

ತಿರುಗಿ ಹೋಗುವ ಗಾಡಿಯ ಸಿಳ್ಳೆ ದೂರದಲ್ಲಿ ಕೇಳಿಸಿತು. ಮಲ್ಲಿಕಾಂಬ ಎದ್ದು ಸೀರೆ ಸರಿಮಾಡಿಕೊಂಡಳು.

"ಗೊತ್ತಾಯ್ತು ಬಿಡಿ," ಅಂದಳು.

"ಒಂದ್ನಿಮಿಷ," ಅಂದ ಅವನು, ತಲೆ ಎತ್ತದೆ. ಕೊನೆಯ ಬ್ರಷ್ಷನ್ನು ಮಲಗಿಸಿ ಕೈ ಒರೆಸಿಕೊಂಡು ತಿರುಗಿದಾಗ ಹಿತ್ತಲಲ್ಲಿ ಯಾರೂ ಇರಲಿಲ್ಲ. ಬೀದಿಗೆ ಓಡಿದ. ಗಾಡಿ ಹೊರಟಿತ್ತು.

ಪೋಸ್ಟಾಫೀಸು ತೆರೆದೇ ಇತ್ತು. ಬಿಸಿಲಿನ ಸುದ್ದಿ ಹೇಳಲು ಅಷ್ಟು ಸಲ ಫೋನು ಮಾಡಿದವನು ಮಾರನೇ ದಿನವಾದರೂ ಒಂದು ಸಲ ಮಾಡಬಹುದಿತ್ತು. ಶನಿವಾರ ಬಾ ಅಂದಿದ್ದಾಳಲ್ಲ, ಹೋಗಿ ನಿಂತರೆ ಅದೇ ಉತ್ತರ ಅಂದುಕೊಂಡ. ಅವನ ಬುದ್ಧಿಗೆ ಏನು ಹೇಳೋಣ.

ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ಲಿಪ್‌ಸ್ಟಿಕ್ ಇಟ್ಟುಕೊಂಡು ಕಡೂರಿನ ಅವಳ ಮನೆಯ ಬಾಗಿಲು ತಟ್ಟಿದ. ಅವಳೇ ತೆಗೆದಳು. ಜಡೆಯ ಬುಡದಲ್ಲಿ ದಟ್ಟವಾಗಿ ಕಟ್ಟಿದ ಮಲ್ಲಿಗೆ ದಂಡೆ ಅರ್ಧ ಬಾಡಿತ್ತು. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಅಂಥ ದಂಡೆಯನ್ನು ದಿನಾ ಯಾರೂ ಮುಡಿಯುವುದಿಲ್ಲ.

"ನಿನ್ನೆ ಬಂದು ಹೂ ಮುಡಿಸಿ ಹೋದ್ರು," ಅಂದಳು.

"ನಿಮ್ಮಣ್ಣನ್ನ ಈಗ್ಲೂ ಕೇಳ್ತೀನಿ."

"ಬೇಡ. ಅಣ್ಣ ನನ್ನ ಕೇಳೇ ಮಾತು ಕೊಟ್ಟಿರೋದು. ಒಪ್ಪಿಗೇನಾ ಅಂದ, ನಾನು ಹೂಂ ಅಂದೆ. ಬುಧವಾರ ಮನೆಗೆ ಬಂದ ತಕ್ಷಣ ಅಂದೆ." ಅವಳು ಅವನ ಜೇಬಿನ ಕಡೆ ನೋಡಿದಳು. "ಬಣ್ಣ ಬಂತಾ?"

"ಬಂತು," ಎಂದು ಅವನು ಜೇಬಿಗೆ ಕೈಹಾಕಿದ.

"ತೋರಿಸ್ಬೇಡಿ. ನೋಡಿದ್ರೆ ಬೇಕು ಅನ್ಸುತ್ತೆ."

ಅವನು ಕೈ ಹೊರಗೆ ತೆಗೆದ. ಇಬ್ಬರೂ ಹೊಸ್ತಿಲಿನ ಎರಡು ಕಡೆ ನಿಂತಿದ್ದರು. ಒಳಗೆ ಅವಳಣ್ಣ ಷಣ್ಮುಖಪ್ಪ ಯಾರಿಗೋ ಮದುವೆಯ ತಾರೀಕು ಹೇಳುವುದು ಕೇಳಿಸುತ್ತಿತ್ತು.

"ಅವತ್ತು ಅಷ್ಟು ಹೊತ್ತು ನಿಮ್ಮ ಮುಂದೆ ಕೂತಿದ್ನಲ್ಲ," ಅಂದಳು ಮಲ್ಲಿಕಾಂಬ. "ಬರಬೇಕು ಅಂತ ಮನಸ್ಸಿದ್ದಿದ್ರೆ ಹೇಳೋಕೇನಾಗಿತ್ತು?"

ಸುಳ್ಳು ಹೇಳುವುದು ಅವನಿಗೆ ಗೊತ್ತಿರಲಿಲ್ಲ. "ಕೈ ಒದ್ದೆ ಇತ್ತು," ಅಂದ.

ಅವಳು ಮೊದಲು ನಗುವವಳಂತೆ ಅವನನ್ನು ನೋಡಿದಳು. ಆಮೇಲೆ ಅವನು ನಿಜ ಹೇಳುತ್ತಿದ್ದಾನೆಂದು ತಿಳಿದು ಕಣ್ಣು ತುಂಬಿಕೊಂಡಳು.

"ಒದ್ದೆ ಕೈಯಲ್ಲೇ ಹೇಳಿದ್ರೂ ಬಂದ್ಬಿಡ್ತಿದ್ದೆ, ಕರಿಸಿದ್ದಪ್ನೋರೆ," ಎಂದು ಹೇಳಿ, ಅಣ್ಣ ಕರೆಯುವ ಮೊದಲೇ ಒಳಗೆ ಹೋದಳು.