ಮದುಮಗನ ಗಾಡಿಗೆ ಜ್ವರ

"ಹೀಟರ್ ಹಚ್ಚತೇನಿ. ಎಲ್ಲಾರೂ ಕಿಟಕಿ ಇಳಸ್ರಿ," ಅಂದ ಅಪ್ಪ.

ಮೇ ತಿಂಗಳ ಬಿಸಿಲು. ಝಳಕಿಯಿಂದ ಇಂಡಿಗೆ ಹೋಗುವ ರಸ್ತೆ ರೊಟ್ಟಿ ಹೆಂಚಿನಂತೆ ಕಾದಿತ್ತು. ಇಂಥ ಹೊತ್ತಿನಲ್ಲಿ ಕಾರಿನೊಳಗೆ ಹೀಟರ್ ಹಚ್ಚುವ ಜಾಣ ಇಡೀ ತಾಲೂಕಿಗೆ ಒಬ್ಬನೇ ಇದ್ದಾನು. ಅವನು ತನ್ನಪ್ಪನೇ ಆಗಬೇಕಿತ್ತೇ ಎಂದುಕೊಂಡು ಪ್ರಿಯದರ್ಶಿನಿ ಬೆವರು ಒರೆಸಿಕೊಂಡಳು.

ಮುಂದಿನ ಸೀಟಿನಲ್ಲಿ ಅಪ್ಪನ ತಮ್ಮ ಕಾಂತು ಕಾಕಾ. ಇವತ್ತು ಅವನದೇ ಮದುವೆ. ತಲೆಗೆ ಪೇಟಾ, ಹಣೆಗೆ ಬಾಸಿಂಗ, ಕೈಯಲ್ಲಿ ತುದಿಗೆ ಲಿಂಬಿಹಣ್ಣು ಚುಚ್ಚಿದ ಕಠಾರಿ. ಹೀಟರಿನ ಬಿಸಿಗಾಳಿ ನೆಟ್ಟಗೆ ಅವನ ಮುಖಕ್ಕೇ ಬೀಸಿತು. ನಿನ್ನೆ ಹಚ್ಚಿದ ಅರಿಷಿಣ ಬೆವರಿನ ಜೊತೆ ಕೊರಳಿಗೆ ಇಳಿಯತೊಡಗಿತು.

ಎಂಜಿನ್ನಿನ ಕಾವನ್ನು ಹೀಟರ್ ಒಳಗೆ ಎಳೆದುಕೊಳ್ಳುತ್ತದೆ, ಅದರಿಂದ ಎಂಜಿನ್ ತಂಪಾಗುತ್ತದೆ ಎಂದು ಅಪ್ಪ ವಿವರಿಸಿದ.

"ಭೇಷ್ ಆತು," ಅಂದಳು ಹಿಂದೆ ಕೂತಿದ್ದ ಅಪ್ಪನ ತಾಯಿ ಶೇವಂತೆವ್ವ ಆಯಿ. "ನಾವು ಬೆಂದ್ರೂ ಅಡ್ಡಿಯಿಲ್ಲ, ಎಂಜಿನ್ ತಂಪಿರ್ಲಿ."

ಗಾಡಿ ಪ್ರಿಯದರ್ಶಿನಿಗಿಂತ ವಯಸ್ಸಿನಲ್ಲಿ ದೊಡ್ಡದು. ಮದುಮಗ ಬೇರೆ ಯಾರ ಗಾಡಿಯಲ್ಲೂ ಹೋಗಕೂಡದು ಎಂದು ಅಪ್ಪ ಹಟ ಹಿಡಿದಿದ್ದ. ಉಳಿದ ನೆಂಟರೆಲ್ಲ ಟೆಂಪೋದಲ್ಲಿ ಮೊದಲೇ ಹೋಗಿ, ಈಗ ಇಂಡಿಯ ಮಂಟಪದಲ್ಲಿ ಶರಬತ್ತು ಕುಡಿಯುತ್ತಿರಬೇಕು.

ಗಾಡಿಯ ಕೆಳಗೆ ಹಸಿರು ಬಣ್ಣದ ನೀರು ಬಿದ್ದದ್ದನ್ನು ಪ್ರಿಯದರ್ಶಿನಿ ಹೋದ ವಾರವೇ ನೋಡಿ ಹೇಳಿದ್ದಳು. ಅದು ಎ.ಸಿ. ನೀರು ಎಂದಿದ್ದ ಅಪ್ಪ. ಆ ಎ.ಸಿ. ಅವಳು ಅಂಗನವಾಡಿಗೆ ಹೋಗುವಾಗಲೇ ತೀರಿಕೊಂಡಿತ್ತು. ಸತ್ತ ಎ.ಸಿ. ನೀರು ಬಿಡುವ ಪವಾಡ ನಮ್ಮ ಮನೆಯಲ್ಲಿ ಮಾತ್ರ ನಡೆಯುತ್ತದೆ ಎಂದು ಅವಳು ಅಂದಾಗ ಮನೆಯವರೆಲ್ಲ ನಕ್ಕಿದ್ದರು, ಅಪ್ಪನೊಬ್ಬನನ್ನು ಬಿಟ್ಟು.

ಇವತ್ತು ಮುಂಜಾನೆ ನೋಡಿದರೆ ನೀರು ಇನ್ನೂ ಅಗಲಕ್ಕೆ ಹರಿದಿತ್ತು. ಈ ಸಲ ಅವಳು ಬಾಯಿ ಬಿಡಲಿಲ್ಲ. ದಾರಿಯಲ್ಲಿ ನಿಂತಾಗ ಗೊತ್ತಾಗಲಿ, ಯಾರ ಮಾತು ಖರೇ ಎಂದು!

ಗಾಡಿ ನಿಂತೇಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಕಾವು ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಈ ಮುಳ್ಳಿಗೆ ತಲೆ ಕೆಟ್ಟಿದೆ ಎಂದು ಅಪ್ಪ ಬಹಳ ದಿನದಿಂದ ಹೇಳುತ್ತಿದ್ದ. ಪಾಪ, ಗಾಡಿಯಲ್ಲಿ ತಲೆ ಸರಿಯಿದ್ದದ್ದು ಅದೊಂದಕ್ಕೇ.

ಬಾನೆಟ್ ಎತ್ತಿದ್ದೇ ತಡ, ಕಾಕಾ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಅಪ್ಪ ಅವನ ಮುಂಗೈ ಹಿಡಿದು ಜಗ್ಗಿದ. ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದಂತೆ. ಆಮೇಲೆ ಹುಡುಗಿಯ ಕಡೆಯವರಿಗೆ ಮದುಮಗನ ಗುರುತು ಹತ್ತುವುದೂ ಕಷ್ಟ.

ಗಾಡಿ ಆರಲಿ ಎಂದು ಎಲ್ಲರೂ ಲಿಂಬಿ ತೋಟದ ಬದುವಿನ ನೆರಳಿಗೆ ಹೋಗಿ ನಿಂತರು. ಮಂಟಪದಿಂದ ಫೋನಿನ ಮೇಲೆ ಫೋನು. "ಇಲ್ಲೇ ಅದೇವಿ," ಅನ್ನುತ್ತಿದ್ದ ಅಪ್ಪ. ಅದೇನೂ ಸುಳ್ಳಲ್ಲ, ಇಲ್ಲೇ ಇದ್ದರು.

ಕೊನೆಗೆ ಅಪ್ಪ ಫೋನು ಕಿಸೆಗಿಟ್ಟು ಕಲ್ಲಿನ ಮೇಲೆ ಕುಸಿದು ಕೂತ. "ರೇಡಿಯೇಟರ್ ಒಡದೈತಿ, ಕಾಂತು. ಇನ್ನ ಗಾಡಿ ಅಲ್ಲಾಡೂದಿಲ್ಲ. ನನ್ನ ಹಟಕ್ಕ ನಿನ್ನ ಮುಹೂರ್ತ ತಪ್ಪತು."

ಆಯಿ ಸೆರಗಿನಿಂದ ಕಾಕಾನ ಕೊರಳ ಅರಿಷಿಣ ಒರೆಸಿದಳು.

'ನಾ ಹೇಳಿರಲಿಲ್ಲೇನು?' ಎಂಬ ಮಾತನ್ನು ಪ್ರಿಯದರ್ಶಿನಿ ಮುಂಜಾನೆಯಿಂದ ತಯಾರು ಮಾಡಿಟ್ಟುಕೊಂಡಿದ್ದಳು. ಅನ್ನಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಅಪ್ಪನ ಮುಖ ನೋಡಿದ ಮೇಲೆ ಅದನ್ನು ಅನ್ನುವ ಮನಸ್ಸಾಗಲಿಲ್ಲ. ಬೇರೆಯೇ ಮಾತು ಹೊರಬಂತು.

"ಅಪ್ಪಾ, ಮುಂಜಾನೆ ಭಾಳ ನೀರು ಸೋರಿತ್ತು. ನಾ ನೋಡಿದ್ದೆ. ಬೇಕಂತ ಹೇಳಲಿಲ್ಲ."

ಅಪ್ಪ ಅವಳನ್ನೇ ನೋಡಿದ. "ಹೇಳಿದ್ರ ನಾ ಎಲ್ಲಿ ಕೇಳತಿದ್ದೆ, ಬಿಡು," ಅಂದ. ಆಮೇಲೆ ಗಾಡಿಯ ಕಡೆ ನೋಡುತ್ತ ಕೇಳಿದ, "ಎಲ್ಲಿ ಸೋರಿತ್ತು? ನಡುವೋ, ಬಾಜೂಕೋ?"

"ಬಾಜೂಕ. ಎಡಗಡೆ ಗಾಲಿ ಹತ್ರ."

ಅಪ್ಪ ಥಟ್ಟನೆ ಎದ್ದ. ರೇಡಿಯೇಟರ್ ಒಡೆದಿದ್ದರೆ ನೀರು ನಡುವೆ ಬೀಳಬೇಕಿತ್ತು.

ತೋಟದವರ ಕೊಡ ಇಸಿದುಕೊಂಡು ಕಾಕಾ ಬೋರಿನಿಂದ ನೀರು ತುಂಬಿ ತಂದ. ಬಾಸಿಂಗ ಕಟ್ಟಿಕೊಂಡು ನೀರು ಹೊತ್ತ ಮದುಮಗನನ್ನು ಆ ತೋಟದ ಎಮ್ಮೆಗಳೂ ಮೇವು ಬಿಟ್ಟು ನೋಡಿದವು. ಎಂಜಿನ್ ಪೂರ್ತಿ ಆರಿದ ಮೇಲೆ ಅಪ್ಪ ಮುಚ್ಚಳ ತೆಗೆದು, ನಿಧಾನಕ್ಕೆ ನೀರು ಸುರಿದ. ಪ್ರಿಯದರ್ಶಿನಿ ಹೊಸ ಲಂಗದಲ್ಲೇ ನೆಲಕ್ಕೆ ಮಲಗಿ ಗಾಡಿಯ ಕೆಳಗೆ ಕಣ್ಣಿಟ್ಟಳು.

ರೇಡಿಯೇಟರಿನ ಹೊರಮೈ ಒಣಗಿಯೇ ಇತ್ತು. ಅದರ ಕೆಳಗಿನ ದಪ್ಪ ರಬ್ಬರ್ ಪೈಪಿನ ಬಾಯಲ್ಲಿ ಮಾತ್ರ ಹನಿ ಮೂಡಿ, ತೊಟತೊಟ ಉದುರಿತು. ಸುತ್ತಲೂ ಹಸಿರು ಕಲೆ ಒಣಗಿ ಅಂಟಿತ್ತು.

"ಅಪ್ಪಾ, ಪೈಪ್! ಬಾಯಿ ಹತ್ರ ಸೀಳೇತಿ."

ಸೀಳಿದ ತುದಿಯಷ್ಟನ್ನೇ ಕತ್ತರಿಸಿ, ಉಳಿದ ಪೈಪನ್ನು ಮತ್ತೆ ಏರಿಸಿ ಬಿಗಿದರೆ ಸಾಕು. ಆದರೆ ಟೂಲ್ ಬಾಕ್ಸಿನಲ್ಲಿ ಇದ್ದದ್ದು ಊದಿನಕಡ್ಡಿಯ ಪೊಟ್ಟಣ ಒಂದೇ. ಎಲ್ಲರ ಕಣ್ಣೂ ಕಾಕಾನ ಕೈಗೆ ಹೋಯಿತು. ಅವನು ಲಿಂಬಿಹಣ್ಣು ಕಿತ್ತು ಆಯಿಯ ಕೈಗಿಟ್ಟು, ಕಠಾರಿಯನ್ನು ಅಪ್ಪನಿಗೆ ಕೊಟ್ಟ. ಮುತ್ತಜ್ಜನ ಕಾಲದಿಂದ ಲಿಂಬಿಹಣ್ಣನ್ನು ಬಿಟ್ಟರೆ ಬೇರೇನನ್ನೂ ಚುಚ್ಚದ ಆ ಕಠಾರಿ ಅವತ್ತು ರಬ್ಬರ್ ಪೈಪು ಕೊಯ್ದಿತು, ಮತ್ತೆ ಅದೇ ತುದಿಯಿಂದ ಪೈಪಿನ ಪಟ್ಟಿಯ ಸ್ಕ್ರೂ ಬಿಗಿಯಿತು.

ಎರಡು ಕೊಡ ನೀರು ಕುಡಿದು ಗಾಡಿ ಹೊರಟಿತು. ಮುಳ್ಳು ನಡುವೆಯೇ ನಿಂತಿತು. ಆದರೂ ಹೀಟರ್ ಇರಲಿ ಅಂದ ಅಪ್ಪ. ಎಲ್ಲರೂ ತಾವಾಗಿಯೇ ಕಿಟಕಿ ಇಳಿಸಿದರು.

ಮಂಟಪದ ಬಾಗಿಲಲ್ಲಿ ಹುಡುಗಿಯ ಸೋದರಮಾವ ಶ್ರೀಶೈಲ ಕಾಯುತ್ತ ನಿಂತಿದ್ದ. ನಾಲ್ಕು ಮಂದಿ ಕೇಳುವಂತೆ ಮಾತಾಡುವುದು ಅವನ ರೂಢಿ. "ಏನ ಪ್ರಿಯದರ್ಶಿನಿ, ನಿಮ್ಮಪ್ಪನ ಗಾಡಿ ದಬ್ಬಿಕೋತ ಬಂದ್ರೇನು?"

ಅವಳ ನಾಲಿಗೆ ಎಂಥದೆಂದು ಬಲ್ಲವರೆಲ್ಲ ನಗಲು ತಯಾರಾಗಿ ತಿರುಗಿದರು. ಸತ್ತ ಎ.ಸಿ., ಕಠಾರಿ, ನೀರು ಹೊತ್ತ ಮದುಮಗ: ಹೇಳಲು ಬೇಕಾದಷ್ಟಿತ್ತು. ಹಿಂದೆ ಅಪ್ಪ ಹೊಸ ಅಂಗಿಗೆ ಮಸಿ ಮಾಡಿಕೊಂಡು, ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಿದ್ದ.

"ಇಲ್ರಿ, ಕುಂತಗೊಂಡೇ ಬಂದ್ವಿ," ಅಂದಳು ಅವಳು.

ಶ್ರೀಶೈಲ ಇನ್ನೇನೋ ಬರುತ್ತದೆಂದು ಕಾದ. ಬರಲಿಲ್ಲ.

ಮುಹೂರ್ತ ಇನ್ನೂ ಮೀರಿರಲಿಲ್ಲ; ಒಳಗೆ ಅಕ್ಷತೆ ಹಂಚುತ್ತಿದ್ದರು. ಪ್ರಿಯದರ್ಶಿನಿ ಬೊಗಸೆ ತುಂಬ ಇಸಿದುಕೊಂಡು ಬಂದು, ಅರ್ಧವನ್ನು ಅಪ್ಪನ ಕಪ್ಪು ಅಂಗೈಗೆ ಸುರಿದಳು.